ಬ್ಯಾಂಜೋಗೆ ಹತ್ತಿದ ಭಜನೆಯ ಚಾಳಿ

ಬ್ಯಾಂಜೋ ನನಗೆ ಬರುತ್ತದೆ ಎಂದು ನಾನು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆ ಬ್ಯಾಂಜೋ ಎಂದರೆ ನೆಲದ ಮೇಲೆ ಮಲಗಿಸಿ, ಎಡಗೈಯಲ್ಲಿ ಟೈಪ್‌ರೈಟರಿನ ಹಾಗೆ ಗುಂಡಿ ಒತ್ತುತ್ತಾ ಬಲಗೈಯಲ್ಲಿ ಮೀಟುವ ಉದ್ದನೆಯ ಪೆಟ್ಟಿಗೆ. ಮುಂಬಯಿಯಲ್ಲಿದ್ದ ನನ್ನ ಸೋದರಮಾವ ಊರಿಗೆ ಬರುವಾಗ ಅಂಥದ್ದೊಂದನ್ನು ತಂದುಕೊಟ್ಟಿದ್ದರು. ಅದರಲ್ಲಿ ನಾಲ್ಕು ಭಜನೆಗಳನ್ನು ನಾನು ತಪ್ಪಿಲ್ಲದೆ ಬಾರಿಸುತ್ತಿದ್ದೆ. ಹಾಗಾಗಿ ಒಮಾನಿಗೆ ಬಂದ ಮೇಲೆ, ಅಲ್ ಖೌದ್‌ನ ನಮ್ಮ ಕಟ್ಟಡದಲ್ಲಿ, ಮೇಲಿನ ಫ್ಲ್ಯಾಟಿನ ಐರಿಷ್ ಹೆಂಗಸು ಗೋಡೆ ತೋರಿಸಿ “ಅದು ಬ್ಯಾಂಜೋ” ಎಂದಾಗ, “ಓ, ನನಗೆ ಬರುತ್ತದೆ” ಅಂದುಬಿಟ್ಟೆ.

ಅಷ್ಟಮಿಯ ಚಕ್ಕುಲಿ ಕೊಡಲಿಕ್ಕೆ ಹೋಗಿದ್ದೆ ಅಷ್ಟೆ. ಕೊಟ್ಟು ಬರಬೇಕಿತ್ತು.

ಅವರು ಗೋಡೆಯಿಂದ ಇಳಿಸಿ ನನ್ನ ಕೈಗೆ ಕೊಟ್ಟದ್ದು ಚರ್ಮ ಬಿಗಿದ ದುಂಡು ತಟ್ಟೆಗೆ ಉದ್ದ ಕತ್ತು ಜೋಡಿಸಿದಂಥ ವಸ್ತು. ನಾಲ್ಕೇ ತಂತಿ. ನಾನು ಅಭ್ಯಾಸಬಲದಿಂದ ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ ಗುಂಡಿ ಹುಡುಕಿದೆ. ಗುಂಡಿ ಎಲ್ಲಿಂದ ಬರಬೇಕು! ಅವರು ನನ್ನನ್ನು ನೋಡಿದರು, ನಾನು ಅದನ್ನು ನೋಡಿದೆ. ಆಮೇಲೆ ಇಬ್ಬರೂ ನಕ್ಕೆವು. “ನಿಮ್ಮದು ಬೇರೆ ಬ್ಯಾಂಜೋ ಇರಬೇಕು. ಇದು ಟೆನರ್ ಬ್ಯಾಂಜೋ. ಇದನ್ನೂ ಕಲಿಯಿರಿ. ನನ್ನ ಹತ್ತಿರ ಇನ್ನೊಂದಿದೆ, ಇದನ್ನು ಮನೆಗೆ ಒಯ್ದು ಅಭ್ಯಾಸ ಮಾಡಿ” ಎಂದರು. ಅವರು ಮದೀನತ್ ಸುಲ್ತಾನ್ ಖಾಬೂಸ್ ಎಂಬ ಬಡಾವಣೆಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಮಾಡುವವರು. ಅವತ್ತಿನಿಂದ ನನಗೂ ಅವರು ಟೀಚರ್ ಆದರು.

ಅವರು ಕಲಿಸಲು ಹೊರಟದ್ದು ರೀಲ್. ಅವರ ದೇಶದ ಕುಣಿತದ ರಾಗಗಳು, ನಿಲ್ಲದೆ ಓಡುವಂಥವು. ಈ ಹೆಸರಿನಿಂದ ನನಗಾದ ಕಿರಿಕಿರಿ ಅಷ್ಟಿಷ್ಟಲ್ಲ. ಊರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದವರೇ ಕೇಳಿದರು: “ಎಂತ, ನೀನು ರೀಲ್ಸ್ ಮಾಡ್ತೀಯಂತೆ? ಮಗಳು ಒಂಬತ್ತನೇ ಕ್ಲಾಸು. ಈಗ ನಿನಗೆ ಕುಣಿಯಲಿಕ್ಕೆ ಬಂತಾ?”

“ಆ ರೀಲ್ ಅಲ್ಲ ಅತ್ತೆ.”

“ಮತ್ತೆ ಯಾವುದು, ನೂಲಿನ ರೀಲಾ?”

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ತಲೆ ಎತ್ತದೆ, “ಬಿಡುವ ರೀಲ್ ಅಮ್ಮ. ಬ್ಯಾಂಜೋ ಬರ್ತದೆ ಅಂತ ಟೀಚರಿಗೆ ಬಿಟ್ಟಿದ್ದಾಳೆ” ಅಂದರು. ಅತ್ತೆಗೆ ಅರ್ಥವಾಯಿತೋ ಇಲ್ಲವೋ, ಇಬ್ಬರೂ ಸೇರಿ ನಕ್ಕದ್ದು ಮಾತ್ರ ಆಯಿತು.

ಕಲಿಯಲು ಕುಳಿತ ಮೇಲೆ ನಗು ಬರಲಿಲ್ಲ. ಎಡಗೈಯ ಬೆರಳ ತುದಿಗಳು ತಂತಿ ಒತ್ತಿ ಒತ್ತಿ ಸೀಳಿಹೋದವು. ಅದೇ ಕೈಯಲ್ಲಿ ಮೆಣಸಿನ ಮಸಾಲೆ ತೆಗೆದರೆ ಉರಿ ಮಂಡೆಗೆ ಹತ್ತುತ್ತಿತ್ತು. ಮೀಟುವ ಪ್ಲಾಸ್ಟಿಕ್ ಚೂರು ಸೋಫಾದ ಸಂದಿಗೆ ಬಿದ್ದು ಕಾಣೆಯಾಗುತ್ತಿತ್ತು. ಕೊನೆಗೆ ಲಬನ್ ಎಂಬ ಇಲ್ಲಿನ ಮಜ್ಜಿಗೆಯ ಡಬ್ಬಿಯ ಮುಚ್ಚಳವನ್ನೇ ಕತ್ತರಿಸಿ ಹತ್ತು ಚೂರು ಮಾಡಿಟ್ಟುಕೊಂಡೆ. ಅದೊಂದು ಸುಲಭವಾಯಿತಲ್ಲ, ದೇವರು ದೊಡ್ಡವನು. ಒಂದೇ ಸ್ವರವನ್ನು ಕಣ್ಣು ಮಿಟುಕಿಸುವುದರೊಳಗೆ ಮೂರು ಸಲ ಮೀಟುವ ಒಂದು ಚಮತ್ಕಾರವಿದೆ. ಟೀಚರ್ ಮೀಟಿದರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ನಾನು ಮೀಟಿದರೆ ನೆಲಗಡಲೆ ಒಂದೊಂದಾಗಿ ನೆಲಕ್ಕೆ ಬಿದ್ದ ಹಾಗೆ. ತಿಂಗಳುಗಟ್ಟಲೆ ಹಾಗೆಯೇ ಬಿದ್ದವು.

ಟೀಚರ್ ನನಗೆಂದು ಆರಿಸಿದ್ದು ಒಂದೇ ರೀಲ್. ಅದರ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಅಂಗಳದಲ್ಲಿ ಅಟ್ಟಿಸಿಕೊಂಡು ಹೋದರೆ ಕೋಳಿ ಆಚೆ ಈಚೆ ತಿರುಗಿ ಓಡುತ್ತದಲ್ಲ, ಅದರ ಓಟ ಹಾಗೆಯೇ ಇತ್ತು. ಕೋಳಿ ಓಟ ಎಂದು ಹೆಸರಿಟ್ಟೆ. ಎದುರು ಫ್ಲ್ಯಾಟಿನಲ್ಲಿ ನಮ್ಮ ಕಡೆಯವರೇ ಒಬ್ಬರಿದ್ದಾರೆ. ಮನೆಯಲ್ಲಿ ಬ್ಯಾರಿ ಭಾಷೆ, ನನ್ನೊಡನೆ ತುಳುವೋ ಕನ್ನಡವೋ ಬಾಯಿಗೆ ಬಂದದ್ದು. ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ ಅವರು ವಿಚಾರಿಸುತ್ತಿದ್ದರು: “ಅಕ್ಕ, ನಿಮ್ಮ ಕೋಳಿ ಇವತ್ತೂ ಗೂಡು ಸೇರಲಿಲ್ವಾ?”

“ಇಲ್ಲ ಮಾರಾಯ್ತಿ, ಬಾಗಿಲ ಹತ್ತಿರ ಬಂದು ಹಿಂದೆ ಓಡ್ತದೆ.”

“ಕೊಯ್ದು ಬಿಡಿ ಅತ್ಲಾಗಿ.”

ಆದರೆ ಟೀಚರ ಮನೆಯಲ್ಲಿ ನಾನು ಚೆನ್ನಾಗಿಯೇ ಬಾರಿಸುತ್ತಿದ್ದೆ. ಅವರು ಒಂದು ಸಾಲು ಮೀಟುವುದು, ನಾನು ಅದನ್ನೇ ತಿರುಗಿ ಮೀಟುವುದು. ಹೀಗೆ ರೀಲ್ ಪೂರ್ತಿ ಮುಗಿಯುತ್ತಿತ್ತು. ಡಿಸೆಂಬರಿನಲ್ಲಿ ಅವರೇ, “ಇನ್ನು ಶುಕ್ರವಾರ ಬೆಳಿಗ್ಗೆ ನಮ್ಮ ಕೂಟಕ್ಕೆ ಬನ್ನಿ” ಎಂದು ಕಾರಿನಲ್ಲಿ ಕರೆದುಕೊಂಡು ಹೋದರು. ಮದೀನತ್ ಸುಲ್ತಾನ್ ಖಾಬೂಸ್‌ನ ಒಂದು ವಿಲ್ಲಾದಲ್ಲಿ ಏಳೆಂಟು ಜನ ದುಂಡಗೆ ಕುಳಿತು ಬಾರಿಸುತ್ತಾರೆ. ಹೆಚ್ಚಿನವರು ಇಂಗ್ಲಿಷರು, ಐರಿಷರು. ಚಹಾದ ಮಗ್ಗನ್ನು ಪಿಟೀಲಿನ ಪೆಟ್ಟಿಗೆಯ ಮೇಲೇ ಇಡುತ್ತಾರೆ. ಶೂ ಹಾಕಿದ ಕಾಲಿನಿಂದ ಆ ಪೆಟ್ಟಿಗೆಯನ್ನೇ ಸರಿಸುತ್ತಾರೆ. ನಾನು ಚಪ್ಪಲಿ ಹೊರಗೆ ಬಿಟ್ಟು, ಬ್ಯಾಂಜೋವನ್ನು ಕಣ್ಣಿಗೊತ್ತಿಕೊಂಡು ಕುಳಿತೆ. ಯಾರೂ ನಗಲಿಲ್ಲ, ಅದು ಅವರ ದೊಡ್ಡತನ.

ಕೋಳಿ ಓಟ ಶುರುವಾಯಿತು. ಎಲ್ಲರೂ ಬಾರಿಸಿದರು. ನಾನು ಸುಮ್ಮನಿದ್ದೆ. ಅದೇ ಭಾಗ ಎರಡನೆಯ ಸಲ ಬಂದಾಗ ನನ್ನ ಕೈ ತಾನಾಗಿ ಎದ್ದಿತು, ಬಾರಿಸಿದೆ. ಮುಂದಿನ ಭಾಗ ಬಂತು. ಸುಮ್ಮನಾದೆ. ಅದು ಎರಡನೆಯ ಸಲ ಬಂತು. ಬಾರಿಸಿದೆ. ಗಿಟಾರ್ ಹಿಡಿದಿದ್ದ ಎಂಜಿನಿಯರ್ ಒಬ್ಬರು ಬಾಗಿ ಮೆತ್ತಗೆ, “ಕೈ ನೋಯುತ್ತಿದೆಯಾ? ನಡುನಡುವೆ ನಿಲ್ಲಿಸುತ್ತೀರಲ್ಲ” ಅಂದರು. ಮೂರು ಶುಕ್ರವಾರ ಹೀಗೇ ಆಯಿತು. ಟೀಚರಿಗೂ ಅರ್ಥವಾಗಲಿಲ್ಲ, ನನಗಂತೂ ಮೊದಲೇ ಇಲ್ಲ.

ಅರ್ಥವಾದದ್ದು ನಮ್ಮ ಭಜನೆಯಲ್ಲಿ. ಶುಕ್ರವಾರ ಸಂಜೆ ಊರಿನ ಏಳೆಂಟು ಮನೆಯವರು ಒಬ್ಬರ ಮನೆಯ ಹಾಲ್‌ನಲ್ಲಿ ಸೇರುತ್ತೇವೆ. ಅವತ್ತು ಮುಂದೆ ಕುಳಿತವರು ಒಂದು ಸಾಲು ಹೇಳಿದರು, ನಾವೆಲ್ಲ ತಾಳ ಹಾಕುತ್ತಾ ಅದನ್ನೇ ತಿರುಗಿ ಹೇಳಿದೆವು. ಅವರು ಇನ್ನೊಂದು ಸಾಲು ಹೇಳಿದರು, ನಾವು ತಿರುಗಿ ಹೇಳಿದೆವು. ನನ್ನ ಕೈಯ ತಾಳ ಅಲ್ಲಿಯೇ ನಿಂತಿತು. ಅಯ್ಯೋ ದೇವರೇ! ಹುಟ್ಟಿದಾಗಿನಿಂದ ನಾನು ಭಜನಾ ಮಂದಿರದಲ್ಲಿ ಕುಳಿತದ್ದು ತಿರುಗಿ ಹೇಳುವ ಸಾಲಿನಲ್ಲಿ. ಮೊದಲ ಸಲ ಬರುವುದು ಕೇಳಲಿಕ್ಕೆ, ಎರಡನೆಯ ಸಲದ್ದು ನಮ್ಮದು. ಆ ರೀಲಿನಲ್ಲಿ ಪ್ರತಿ ಭಾಗ ಎರಡೆರಡು ಸಲ ಬರುವುದೇ ನನಗೆ ಕುತ್ತಾಯಿತು. ಅಲ್ಲಿ ಹೇಳಿಕೊಡುವವರೂ ಇಲ್ಲ, ತಿರುಗಿ ಹೇಳುವವರೂ ಇಲ್ಲ. ಎಲ್ಲರೂ ಎಲ್ಲವನ್ನೂ ಬಾರಿಸಬೇಕು.

ರೋಗ ಗೊತ್ತಾದ ಮೇಲೆ ಮದ್ದು ಸುಲಭ ಎಂದುಕೊಂಡೆ. ಇಲ್ಲ. ಮನಸ್ಸಿಗೆ ಗೊತ್ತಾದದ್ದು ಕೈಗೆ ಗೊತ್ತಾಗಲಿಲ್ಲ. ಹಟ ಹಿಡಿದು ಮೊದಲ ಸಲವೇ ಬಾರಿಸಿದೆನೋ, ಎರಡನೆಯ ಸಲ ಕೈ ನಿಲ್ಲುತ್ತಿತ್ತು. ಈಗ ಹೇಳಿಕೊಡುವವಳು ನಾನು, ಉಳಿದವರು ತಿರುಗಿ ಹೇಳಲಿ ಎಂಬಂತೆ! ಟೀಚರಿಗೆ ವಿವರಿಸಿದೆ. ಅವರು ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು, “ಯಾರ ಅಪ್ಪಣೆಗೂ ಕಾಯಬೇಡಿ, ಹೋಗುತ್ತಾ ಇರಿ” ಎಂದರು. ಹೇಳುವುದು ಸುಲಭ.

ಏಪ್ರಿಲಿನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಟೀಚರ ಶಾಲೆಯ ಒಪ್ಪಂದ ಮುಗಿಯಿತು, ಜೂನ್ ಕೊನೆಗೆ ಅವರು ಒಮಾನ್ ಬಿಡುತ್ತಾರೆ. ನನಗೆ ಕೊಟ್ಟಿದ್ದ ಬ್ಯಾಂಜೋವನ್ನು ಕೂಟದವರಿಗೇ ಬಿಟ್ಟುಹೋಗುವ ಮನಸ್ಸು ಅವರದು. ನನಗೆ ನೇರವಾಗಿಯೇ ಹೇಳಿದರು: “ಇದು ಪೆಟ್ಟಿಗೆಯಲ್ಲಿ ಮಲಗಬಾರದು. ಕೊನೆಯ ಶುಕ್ರವಾರ ನೀವೇ ಆ ರೀಲ್ ಶುರುಮಾಡಿ, ನಿಲ್ಲಿಸದೆ ಮೂರು ಸುತ್ತು ಹೋದರೆ ಇದು ನಿಮ್ಮಲ್ಲಿರಲಿ. ಆಗದಿದ್ದರೆ ಗಿಟಾರಿನವರು ಕೇಳುತ್ತಿದ್ದಾರೆ, ಅವರಿಗೆ ಕೊಡುತ್ತೇನೆ. ಬೇಸರ ಮಾಡಬೇಡಿ.” ಬೇಸರವಾಗದೆ ಇರುತ್ತದೆಯೇ? ಆದರೆ ಮುಖಕ್ಕೆ ಹೇಳಿದರಲ್ಲ, ಅದಕ್ಕೆ ನಮಸ್ಕಾರ.

ಎರಡನೆಯ ಸುದ್ದಿ ನಮ್ಮವರಿಗೆ ರಜೆ ಸಿಗಲಿಲ್ಲ ಎಂಬುದು. ಕಟ್ಟಡದ ಅರ್ಧ ಜನ ಜೂನಿನಲ್ಲಿ ಊರಿಗೆ ಹೊರಡುತ್ತಾರೆ. ಎದುರು ಫ್ಲ್ಯಾಟಿನವರು ಆಗಲೇ ಪೆಟ್ಟಿಗೆ ತೂಗಿ ನೋಡುತ್ತಿದ್ದರು. ಎರಡು ವರ್ಷದಿಂದ ತಾಯಿಯ ಮುಖ ನೋಡಿರದ ನಾನು ಈ ವರ್ಷವೂ ಏಸಿಯ ಕೆಳಗೇ ಕೊಳೆಯಬೇಕು. ಆ ಸಿಟ್ಟನ್ನೆಲ್ಲ ಬ್ಯಾಂಜೋ ಮೇಲೆ ತೀರಿಸಿದೆ. ಅನ್ನ ಬೇಯುವಾಗ ಬಾರಿಸಿದೆ, ಬಟ್ಟೆ ಒಣಗುವಾಗ ಬಾರಿಸಿದೆ. ಭಾಗ ಮುಗಿದು ಕೈ ನಿಲ್ಲಲು ಹೊರಟಾಗಲೆಲ್ಲ “ಹೋಗು, ಹೋಗು” ಎಂದು ಗಟ್ಟಿಯಾಗಿ ಹೇಳಿಕೊಂಡೆ. ಮಗಳು ತನ್ನ ಕೋಣೆಯಿಂದ “ಅಮ್ಮಾ, ಪ್ಲೀಸ್!” ಎಂದು ಕೂಗುತ್ತಿದ್ದಳು. ಆಮೇಲೆ ಬಾಗಿಲು ಹಾಕಿಕೊಳ್ಳುವ ಸದ್ದು. ನಮ್ಮವರು ಆಫೀಸಿನಿಂದ ಬಂದು ಶೂ ಬಿಚ್ಚುತ್ತಲೇ, “ಖಲಾಸ್ ಮಾರಾಯ್ತಿ, ಕೋಳಿಗೂ ಸುಸ್ತಾಗಿರ್ತದೆ” ಅನ್ನುತ್ತಿದ್ದರು. ಜೂನ್ ಎರಡನೆಯ ವಾರ ಮನೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ಮೂರು ಸುತ್ತು ನಿಲ್ಲದೆ ಆಯಿತು. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಮರುದಿನ ಮತ್ತೆ ಆಗಲಿಲ್ಲ.

ಕೊನೆಯ ಶುಕ್ರವಾರ ಬಂತು. ದುಂಡಗೆ ಕುಳಿತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಣ್ಣಿಗೊತ್ತಿಕೊಂಡು, ಮನಸ್ಸಿನಲ್ಲಿ ಕುಲದೇವರನ್ನು ನೆನೆದು ಶುರುಮಾಡಿದೆ. ಮೊದಲ ಭಾಗ ಎಷ್ಟು ಚೆನ್ನಾಗಿ ಬಂತೆಂದರೆ ಸಾಸಿವೆ ನಿಜವಾಗಿ ಸಿಡಿಯಿತು! ಆ ಖುಷಿಯೇ ಕೆಡಿಸಿತು. ಭಾಗ ಮುಗಿಯಿತು, ನನ್ನ ಕೈ ನಿಂತಿತು. ನಿಂತು, ನಾನು ತಲೆ ಎತ್ತಿ ಎಲ್ಲರ ಮುಖ ನೋಡಿದೆ. ಹೇಳಿ, ನೀವು ಹೇಳಿ ಎನ್ನುವ ಹಾಗೆ. ಯಾರೂ ಹೇಳಲಿಲ್ಲ. ಶುರುಮಾಡಿದವಳು ನಾನಲ್ಲವೇ, ನಾನು ನಿಲ್ಲಿಸಿದೆ ಎಂದು ಅವರೂ ನಿಲ್ಲಿಸಿದರು. ಆಮೇಲೆ ಪಿಟೀಲಿನವರು ಪಾಪ ಎಂದೋ ಏನೋ, ತಾವೇ ಹಿಡಿದು ಮುಂದುವರಿಸಿದರು. ಎಲ್ಲರೂ ಅವರ ಹಿಂದೆ ಓಡಿದರು. ನಾನೂ ಓಡಿದೆ, ಆದರೆ ಆ ವೇಗ ನನ್ನದಲ್ಲ. ಎರಡನೆಯ ಸುತ್ತಿಗೆ ಸ್ವರ ಬಿಟ್ಟು, ಒಂದೇ ತಂತಿಯನ್ನು ತಾಳದ ಹಾಗೆ ಟಕ್ ಟಕ್ ಎಂದು ಬಡಿಯುತ್ತಾ ಕುಳಿತೆ.

ಮುಗಿದ ಮೇಲೆ ನಾನು ಯಾರಾದರೂ ಹೇಳುವವರೆಗೆ ಕಾಯಲಿಲ್ಲ. ಬ್ಯಾಂಜೋ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಲಬನ್ ಮುಚ್ಚಳದ ಚೂರುಗಳನ್ನೂ ಅದರೊಳಗೇ ಹಾಕಿ, ಗಿಟಾರಿನವರ ಮುಂದೆ ಇಟ್ಟೆ. “ತಗೊಳ್ಳಿ. ಮಾತು ಮಾತೇ” ಎಂದೆ. ಕಣ್ಣು ತುಂಬಿತ್ತು, ಸೆರಗಿನಿಂದ ಒರೆಸಿಕೊಂಡೆ. ಅಳು ಬಂದದ್ದು ದುಃಖಕ್ಕಲ್ಲ, ಕೈಯ ಮೇಲಿನ ಸಿಟ್ಟಿಗೆ.

ಅವರು ಪೆಟ್ಟಿಗೆ ನೋಡಿದರು, ಟೀಚರನ್ನು ನೋಡಿದರು, ತಲೆ ಕೆರೆದುಕೊಂಡರು. “ಆದರೆ ನಾನು ಭಾನುವಾರ ಹೊರಡುತ್ತೇನೆ. ಬರುವುದು ಸೆಪ್ಟೆಂಬರಿನಲ್ಲಿ. ಫ್ಲ್ಯಾಟ್ ಬೀಗ, ಏಸಿ ಬಂದ್.”

“ಏಸಿ ಇಲ್ಲದಿದ್ದರೆ ಬ್ಯಾಂಜೋದ ಮರ ಬಾಗುತ್ತದೆ!” ಎಂದು ಟೀಚರ್ ಗಾಬರಿಯಾಗಿ ಸುತ್ತ ನೋಡಿದರು. ಪಿಟೀಲಿನವರು ಹೊರಡುವವರು, ಕೊಳಲಿನವರು ಹೊರಡುವವರು. ಕೊನೆಗೆ ನನ್ನ ಕಡೆ ತಿರುಗಿದರು. “ನೀವು ಈ ಬೇಸಿಗೆಯಲ್ಲಿ ಎಲ್ಲಿಗೂ ಹೋಗುವುದಿಲ್ಲ, ಅಲ್ಲವೇ?”

ಎರಡು ತಿಂಗಳಿನಿಂದ ಈ ಪ್ರಶ್ನೆ ಯಾರು ಕೇಳಿದರೂ ನನಗೆ ಮೈ ಉರಿಯುತ್ತಿತ್ತು. ಅವತ್ತು “ಇಲ್ಲ” ಎಂದು ಎಷ್ಟು ಬೇಗ ಹೇಳಿದೆನೆಂದರೆ ನನಗೇ ನಾಚಿಕೆಯಾಯಿತು. ಟೀಚರ್ ಪೆಟ್ಟಿಗೆಯನ್ನು ನನ್ನ ಮಡಿಲಿಗೆ ಎತ್ತಿಟ್ಟರು. “ಸೆಪ್ಟೆಂಬರಿನವರೆಗೆ. ಅವರು ಬಂದ ಮೇಲೆ ಮತ್ತೆ ಶುರುಮಾಡಿ ತೋರಿಸಿ. ಆಗಲೂ ನಿಂತರೆ ಇದು ಅವರದ್ದು” ಎಂದರು. ಹೋಗುವಾಗಲೂ ಮೇಷ್ಟರಗಿರಿ ಬಿಡಲಿಲ್ಲ.

ಈಗ ಜುಲೈ. ಮೇಲಿನ ಫ್ಲ್ಯಾಟ್ ಖಾಲಿ, ಎದುರು ಫ್ಲ್ಯಾಟಿಗೆ ಬೀಗ. ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುತ್ತದೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ನಾನು ಕೂರುತ್ತೇನೆ. ಮೊನ್ನೆ ಮೊದಲ ಭಾಗ ಬಾರಿಸಿದೆ, ಕೈ ಎಂದಿನಂತೆ ನಿಂತಿತು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಒಳಕೋಣೆಯಿಂದ ಅದೇ ಭಾಗ ಸಿಳ್ಳೆಯಲ್ಲಿ ತಿರುಗಿ ಬಂತು. ಒಂದು ಸ್ವರ ತಪ್ಪಿಲ್ಲ. ಮೂರು ಮೀಟಿನ ಆ ಸಾಸಿವೆಯನ್ನೂ ನಾಲಿಗೆಯಲ್ಲೇ ಸಿಡಿಸಿದಳು! ನಾನು ಮುಂದಿನ ಭಾಗ ಬಾರಿಸಿದೆ, ಮಗಳು ಅದನ್ನೂ ತಿರುಗಿ ಒಪ್ಪಿಸಿದಳು. ಹೀಗೆ ಮೂರು ಸುತ್ತೂ ಆಯಿತು.

ನಾನು ಬಾಗಿಲಲ್ಲಿ ಹೋಗಿ ನಿಂತೆ. ಅವಳು ಬೋರಲಾಗಿ ಮಲಗಿ ಫೋನ್ ನೋಡುತ್ತಿದ್ದಳು.

“ಯಾವಾಗ ಕಲಿತೆ ನೀನು?”

“ಐ ಡಿಡಂಟ್ ಲರ್ನ್, ಅಮ್ಮಾ. ಇಟ್ಸ್ ಸ್ಟಕ್ ಇನ್ ಮೈ ಹೆಡ್. ಯು ಆಲ್ವೇಸ್ ಸ್ಟಾಪ್ ದೇರ್, ಸೊ...”

ಬೆರಳು ಸೀಳಿಕೊಂಡು ಹತ್ತು ತಿಂಗಳಿನಿಂದ ನಾನು ಒದ್ದಾಡುತ್ತಿರುವುದು ಇವಳಿಗೆ ಮಲಗಿದಲ್ಲಿಯೇ ಬಂದಿದೆ. ಖುಷಿಪಡಬೇಕೋ ಬೈಯಬೇಕೋ ತಿಳಿಯಲಿಲ್ಲ. ಏನು ಕೇಳಿದರೂ ಒಂದು ಶಬ್ದದಲ್ಲಿ ಉತ್ತರ ಕೊಡುವ ಹುಡುಗಿ ಇಷ್ಟುದ್ದ ಮರುದನಿ ಕೊಟ್ಟಳಲ್ಲ. ಅದನ್ನು ದೇವರು ಕೊಟ್ಟದ್ದೆಂದೇ ಲೆಕ್ಕ ಹಾಕಿದೆ. ಬಂದು ಮತ್ತೆ ಬ್ಯಾಂಜೋ ಹಿಡಿದೆ. ಮೊದಲ ಭಾಗ ಮುಗಿಯಿತು. ಸಿಳ್ಳೆ ಬರಲಿ ಎಂದು ಕೈ ನಿಂತಿತು. ಸಿಳ್ಳೆ ಬಂತು.

ಸೆಪ್ಟೆಂಬರಿಗೆ ಇನ್ನು ಏಳು ವಾರ. ಈ ಚಾಳಿ ಬಿಡಿಸಲು ಕುಳಿತವಳು ನಾನು. ಈಗ ನಿಲ್ಲುವುದಕ್ಕೊಂದು ಕಾರಣವೂ ಸಿಕ್ಕಿಬಿಟ್ಟಿತು.