ದೊಡ್ಡಪ್ಪನ ಕೊಡಲಿಯ ಬಾಯಿ ಮಡಚಿದ್ದೇಕೆ

ವೆಲ್ಡಿಂಗ್ ಅಂಗಡಿಯ ಮುಂದೆ ಹೋಗುವಾಗ ತಿರುಗುವ ಸಾಣೆಕಲ್ಲಿಗೆ ಕಬ್ಬಿಣ ತಾಗಿ ಸುಟ್ಟ ವಾಸನೆ ಎದ್ದರೆ ಈಗಲೂ ನನ್ನ ಕಾಲು ನಿಧಾನವಾಗುತ್ತದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೀತು. ನನಗೆ ಅದು ಹರವೆಯ ನಮ್ಮ ಹೆಂಚಿನ ಮನೆ, ಹಿತ್ತಲಲ್ಲಿ ಬಿದ್ದಿದ್ದ ಹುಣಸೆ ಬೊಡ್ಡೆ, ಅದರ ಮುಂದೆ ಪಂಚೆ ಎತ್ತಿ ಕಟ್ಟಿ ನಿಂತ ದೊಡ್ಡಪ್ಪ. ಮನೆಯೂ ಇಲ್ಲ, ಅವನೂ ಇಲ್ಲ.

ದೊಡ್ಡಪ್ಪ ವಯಸ್ಸಿನಲ್ಲಿ ನಮ್ಮ ಕಡೆಯ ಮದ್ದೂರಿನ ಕಾಡಲ್ಲಿ ಮರ ಕಡಿಯುವ ಕೆಲಸ ಮಾಡಿದವನು. ಬಲು ಕುತೂಹಲದ ಆಸಾಮಿ. ಕೋಳಿ ಚಿಪ್ಪಿಲ್ಲದ ತೊಗಲು ಮೊಟ್ಟೆ ಇಟ್ಟರೂ ಯಾಕೆಂದು ಗೊತ್ತಾಗುವ ತನಕ ಅವನಿಗೆ ಸಮಾಧಾನವಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಕಾಮಾಲೆ ಬಂದು ಮಳೆಗಾಲವೆಲ್ಲ ಚಾಪೆ ಹಿಡಿದ. ಎದ್ದ ಮೇಲೆ ಅವನಿಗಿದ್ದದ್ದು ಒಂದೇ ಯೋಚನೆ, ತೋಳು ಇನ್ನೂ ತನ್ನದೇ ಹೌದೋ ಅಲ್ಲವೋ ಎಂಬುದು. ಆಳು ಕರೆಯೋಣವೆಂದು ದೊಡ್ಡವ್ವ ಎಷ್ಟು ಹೇಳಿದರೂ ಕೇಳದೆ, ಆ ಬೊಡ್ಡೆಯನ್ನು ತಾನೇ ಸೀಳುವುದೆಂದು ಹಟ ಹಿಡಿದ.

ಅವನ ತಮ್ಮ, ಅಂದರೆ ನಮ್ಮಪ್ಪ, ಚಾಮರಾಜನಗರದ ವೆಲ್ಡಿಂಗ್ ಅಂಗಡಿಯಲ್ಲಿ ಕಿಟಕಿ ಗ್ರಿಲ್ ಮಾಡುತ್ತಿದ್ದ. ಅಟ್ಟದಲ್ಲಿ ತುಕ್ಕು ಹಿಡಿದಿದ್ದ ಅಣ್ಣನ ಕೊಡಲಿಯನ್ನು ಬಸ್ಸಿನಲ್ಲಿ ಒಯ್ದು, ಕರೆಂಟ್ ಸಾಣೆಗೆ ಒತ್ತಿ ಹಿಡಿದು, ನೋಡಿದರೆ ನಮ್ಮ ಹಲ್ಲು ಕಾಣುವಂತೆ ಫಳಫಳ ಮಾಡಿ ತಂದ. ನುಗ್ಗೆ ಕೊಂಬೆಗೆ ಹಾಕಿದರೆ ಸೋರೆಕಾಯಿ ಕುಯ್ದಷ್ಟು ಸಲೀಸು. ಎಲ್ಲರೂ ನಕ್ಕೆವು. ಆದರೆ ಹುಣಸೆಗೆ ಬಿದ್ದ ನಾಲ್ಕೇಟಿಗೇ ಕೊಡಲಿಯ ಬಾಯಿ ಡಬ್ಬದ ಮುಚ್ಚಳದ ಅಂಚಿನಂತೆ ಮಡಚಿಕೊಂಡಿತು. ದೊಡ್ಡಪ್ಪ ಕೊಡಲಿಯನ್ನು ನೋಡಲಿಲ್ಲ, ತನ್ನ ಕೈ ನೋಡಿಕೊಂಡ. ಏಟು ಓರೆಯಾಗಿ ಬಿದ್ದಿದೆ, ತೋಳಿನಲ್ಲಿ ಹಿಡಿತವಿಲ್ಲ ಎಂದ. ಅವತ್ತು ಮುದ್ದೆ ಮುಟ್ಟಲಿಲ್ಲ.

ಆ ಅಂಚಿಗೆ ಮಾತ್ರ ನವಿಲಿನ ಕತ್ತಿನ ಬಣ್ಣ ಯಾಕೆ ಬಂದಿದೆ ಎಂದು ನಾನು ಕೇಳಿದ್ದು ಸುಮ್ಮನೆ. ಅಪ್ಪ ದೀಪದ ಹತ್ತಿರ ಹಿಡಿದು ನೋಡಿದ, ಒಳಗಿಂದ ಕಬ್ಬಿಣ ಉಜ್ಜುವ ಅರ ತಂದ. ಪಕ್ಕದ ಮನೆಯ ಕೊಡಲಿ ತರಿಸಿ ಉಜ್ಜಿದರೆ ಅದರ ಬಾಯಿಯ ಮೇಲೆ ಅರ ಜಾರಿತು. ನಮ್ಮದರ ಮೇಲೆ ಬೆಲ್ಲ ಹೆರೆದಂತೆ ಹೆರೆಯಿತು. ಸಾಣೆಗೆ ಒತ್ತಿ ಹಿಡಿದಾಗ ಕಾದ ಕಬ್ಬಿಣ ನೀಲಿಗೆ ತಿರುಗಿ, ಅದರ ಹದ, ಅಂದರೆ ಗಡಸುತನವೇ ಹಾರಿಹೋಗಿತ್ತು. ಅಪ್ಪ ಬಾಯಿಯನ್ನು ವಿಪರೀತ ತೆಳ್ಳಗೆ ಬೇರೆ ಮಾಡಿದ್ದ. ಅವನ ಕೈ ಪಳಗಿದ್ದ ಗ್ರಿಲ್ಲಿಗೆ ಹದವೂ ಬೇಡ, ಬಾಯಿಯೂ ಬೇಡ. ನಡುನಡುವೆ ನೀರಿಗೆ ಅದ್ದಬೇಕೆಂದು ಅಪ್ಪನಿಗೆ ಹೊಳೆದಿರಲಿಲ್ಲ. ಮೆತ್ತನೆಯ ನುಗ್ಗೆ ಅದನ್ನೆಲ್ಲ ಮುಚ್ಚಿಟ್ಟಿತ್ತು. "ನಿನ್ ತೋಳಿಂದಲ್ಲ ಕಣಣ್ಣ, ನಾನೇ ಕಬ್ಣಾನ ಸುಟ್ಟಾಕ್ಬುಟ್ಟೆ" ಎಂದು ಅಪ್ಪ ಹೇಳಿದಾಗ ದೊಡ್ಡಪ್ಪನ ಮುಖ ನೋಡಬೇಕಿತ್ತು! ಎದ್ದು ಕೂತು, ನೀಲಿಯನ್ನು ಉಗುರಿನಲ್ಲಿ ಕೆರೆದು, ಅದು ಹೇಗೆ ಇದು ಹೇಗೆ ಎಂದು ಅಪ್ಪನ ತಲೆ ತಿಂದ. ನನಗೆ ಆ ದೊಡ್ಡಪ್ಪನೇ ಇಷ್ಟ.

ಆಚಾರಿಯ ಕುಲುಮೆಯಲ್ಲಿ ಮತ್ತೆ ಹದ ಹಾಕಿಸಿದರು. ಈ ಸಲ ಬಾಯಿ ಕೊಂಚ ದಪ್ಪಗೆ, ಕಪ್ಪಗೆ ಇತ್ತು. ದೊಡ್ಡಪ್ಪ ಬೀಸಿದ. ಬಾಯಿ ಮಡಚಲಿಲ್ಲ, ಮುಕ್ಕಾಗಲಿಲ್ಲ. ನಾನು ಕುಣಿದಾಡಿದೆ. ಅವನು ನಿಂತು ಉಸಿರೆಳೆದುಕೊಂಡು ಮತ್ತೆ ಬೀಸಿದ, ಮತ್ತೆ ನಿಂತ. ಬೊಡ್ಡೆಯಲ್ಲಿ ಎದ್ದದ್ದು ಉಗುರಿನಷ್ಟು ಗಾಯ. ಕೊನೆಗೆ ಅದರ ಮೇಲೇ ಕೂತು, ಬಾಯಿಯ ಮೇಲೆ ಹೆಬ್ಬೆರಳು ಆಡಿಸಿ, "ಕೊಡ್ಲಿ ಚೆನ್ನಾಗದೆ ಕಣ್ಲಾ. ಈಗ ಗೊತ್ತಾಯ್ತು ಬುಡು" ಎಂದು ಅಪ್ಪನ ಕೈಗೆ ಕೊಟ್ಟ. ಅಪ್ಪ ತಲೆ ಎತ್ತಲಿಲ್ಲ.

ಮುಂದಿನ ಮಳೆಗಾಲಕ್ಕೆ ದೊಡ್ಡಪ್ಪ ಇರಲಿಲ್ಲ. ಎಷ್ಟೋ ವರ್ಷದ ಮೇಲೆ, ಮನೆ ಬಿಚ್ಚಿ ಹೆಂಚು ಇಳಿಸುತ್ತಿದ್ದ ದಿನ, ಅಪ್ಪ ನನ್ನ ಕಡೆ ನೋಡದೆ ಹೇಳಿದ: "ಅದ್ನ ಸರಿ ಮಾಡ್ಬಾರ್ದಿತ್ತು ಕಣಮ್ಮಿ. ತೋಳು ನೆಟ್ಟಗದೆ ಅನ್ಕಂಡು, ಕೊಡ್ಲೀನೇ ಬೈಕಂಡು ಇನ್ನೊಂದಷ್ಟು ದಿನ ಇರೋನು."