ಯಾರೂ ಇಲ್ಲದ ತರಗತಿ

ಬಸ್ಸಿನ ಬಾಗಿಲಲ್ಲೇ ಟಿಕೆಟ್ ಕೊಡುವ ಯಂತ್ರ ಕೂರಿಸಿದ ಮೇಲೆ ಕಂಡಕ್ಟರುಗಳಿಗೆ ಕೆಲಸವಿಲ್ಲದಾಯಿತು. ಇಲಾಖೆಯವರು ಯಾರನ್ನೂ ಮನೆಗೆ ಕಳಿಸಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯಾತ್ಮರು. ದೊಡ್ಡವರಿಗಾಗಿ ಸರ್ಕಾರ ಪುಕ್ಕಟೆ ನಡೆಸುವ ಆನ್‌ಲೈನ್ ಕೋರ್ಸಿದೆ, ಮನೆಯಲ್ಲೇ ಕೂತು ಕಂಪ್ಯೂಟರ್ ಕಲಿಯಿರಿ, ಪಾಸಾದವರಿಗೆ ಆಫೀಸಿನಲ್ಲಿ ಕುರ್ಚಿ, ಆಗದವರಿಗೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಎಂದರು.

ಹಾಗೆ ಕಲಿಯಲು ಕೂತವರಲ್ಲಿ ಐವತ್ತು ದಾಟಿದ ರೈಟಣ್ಣನೂ ಒಬ್ಬ. ಅವನ ‘ರೈಟ್, ರೈಟ್’ ಎನ್ನುವ ಕೂಗು ಎರಡು ಬೀದಿ ಆಚೆಗೂ ಕೇಳಿಸುತ್ತಿತ್ತು. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಯಾವ ಅಜ್ಜಿಗೆ ಮಂಡಿನೋವು, ಯಾವ ಹುಡುಗಿಗೆ ಪರೀಕ್ಷೆ, ಯಾರ ಗಂಡ ಮುನಿಸಿಕೊಂಡು ಊಟ ಬಿಟ್ಟಿದ್ದಾನೆ, ಎಲ್ಲವೂ ಅವನಿಗೆ ಗೊತ್ತು. ಬೆಳಗಿನಿಂದ ಸಂಜೆವರೆಗೆ ಜನವೋ ಜನ. ಮನೆಯಲ್ಲಿ ಮಾತ್ರ ಯಾರೂ ಇರಲಿಲ್ಲ. ಮದುವೆ ಇವತ್ತು ನಾಳೆ ಅನ್ನುತ್ತಲೇ ತಪ್ಪಿಹೋಗಿತ್ತು. ಬಸ್ಸು ಇರುವ ತನಕ ಅದು ಅವನಿಗೊಂದು ಕೊರತೆ ಅನ್ನಿಸಿರಲೇ ಇಲ್ಲ. ಮನೆ ಎಂದರೆ ಬಂದು ಮೈ ಚಾಚುವ ಜಾಗ, ಅಷ್ಟೇ.

ಈಗ ಆ ಜಾಗದಲ್ಲಿ ಹಗಲಿಡೀ ಕೂರಬೇಕಾಯಿತು. ಅಕ್ಕ ತನ್ನ ಮನೆಯ ಹಳೇ ಕಂಪ್ಯೂಟರ್ ಕಳಿಸಿಕೊಟ್ಟಳು. ಇಸ್ತ್ರಿ ಮೇಜಿನ ಬಟ್ಟೆಗಳನ್ನು ಮಂಚಕ್ಕೆ ಸಾಗಿಸಿ, ಅದನ್ನು ಅಲ್ಲಿಟ್ಟು, ಮುಖ ತೊಳೆದು, ಒಗೆದ ಶರಟು ಹಾಕಿಕೊಂಡು ರೈಟಣ್ಣ ಪಾಠಕ್ಕೆ ಕೂತ.

ಪರದೆಯ ಮೇಲೆ ಒಬ್ಬ ಮೇಷ್ಟ್ರು ಬಂದರು. ಅವರ ಕಣ್ಣು ಪಕ್ಕದಲ್ಲಿದ್ದ ಯಾವುದೋ ಹಾಳೆಯ ಮೇಲಿತ್ತು. “ಪ್ರಿಯ ಕಲಿಕಾರ್ಥಿಗಳೇ, ಈ ಪರಿಕಲ್ಪನೆಯನ್ನು ತಾವು ಈಗಾಗಲೇ ಗ್ರಹಿಸಿರುತ್ತೀರಿ” ಎಂದು ಓದಿದರು.

“ಇಲ್ಲ ಸಾರ್, ಸ್ವಲ್ಪ ನಿಲ್ಲಿಸಿ” ಎಂದುಬಿಟ್ಟ ರೈಟಣ್ಣ.

ಮೇಷ್ಟ್ರು ನಿಲ್ಲಲಿಲ್ಲ. ಬಸ್ಸಿನ ತುಂಬ ಕೇಳಿಸಿ ಅಭ್ಯಾಸವಾದ ದನಿ ಆ ಪುಟ್ಟ ಕೋಣೆಯಲ್ಲಿ ಗೋಡೆಗೆ ಬಡಿದು ವಾಪಸ್ಸು ಬಂತು. ಯಾರೂ ನೋಡದಿದ್ದರೂ ಅವನಿಗೆ ನಾಚಿಕೆಯಾಯಿತು.

ಮೊದಲ ಪಾಠಗಳೆಲ್ಲ ಕಂಪ್ಯೂಟರ್ ಕಂಡುಹಿಡಿದವರ ಕಥೆ. ಅದನ್ನು ಹೇಗೋ ದಾಟಿಕೊಂಡ. ಆಮೇಲೆ ಅಂಕಿಗಳನ್ನು ಸಾಲು ಹಾಕಿ ಕೂಡುವ ಕೋಷ್ಟಕದ ಪಾಠ ಬಂತು. ಮೇಲಿನ ಗುಂಡಿ ಒತ್ತಿರಿ ಎಂದರು ಮೇಷ್ಟ್ರು. ರೈಟಣ್ಣನ ಪರದೆಯ ಮೇಲೆ ಅಂಥ ಗುಂಡಿಯೇ ಇಲ್ಲ! ಕಂಪ್ಯೂಟರ್ ಹಳೆಯದು ನಿಜ, ಆದರೆ ಪಾಠ ಅದಕ್ಕಿಂತ ಹಳೆಯದು. ಕೆಳಗೆ ‘ನಿಮ್ಮ ಪ್ರಶ್ನೆ ಇಲ್ಲಿ ಕೇಳಿ’ ಎಂದಿತ್ತು. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತಿ, ಪ್ರಶ್ನೆ ಕೇಳಿ ಕಾದ. ವಾರ ಕಳೆದರೂ ಯಾರೂ ಮಾತಾಡಲಿಲ್ಲ.

ಹಾಗೆ ಕಾಯುತ್ತಿದ್ದಾಗಲೇ ಅವನ ಕಣ್ಣಿಗೆ ಉಳಿದ ಪ್ರಶ್ನೆಗಳು ಬಿದ್ದದ್ದು. ‘ಸಾರ್, ಆ ಗುಂಡಿ ನನಗೆ ಕಾಣ್ತಿಲ್ಲ.’ ‘ನನಗೂ ಇಲ್ಲ ಸಾರ್.’ ‘ಇಲ್ಲಿ ಯಾರಾದರೂ ಇದ್ದೀರಾ?’ ಎಲ್ಲವೂ ಎಷ್ಟೋ ವರ್ಷಗಳ ಹಿಂದಿನವು. ಒಂದಕ್ಕೂ ಉತ್ತರವಿಲ್ಲ. ಬಸ್ಸು ಬರುವುದು ನಿಂತುಹೋದ ಸ್ಟಾಪಿನಲ್ಲಿ ಜನ ಇನ್ನೂ ಕಾಯುತ್ತ ನಿಂತದ್ದನ್ನು ಕಂಡಂತಾಯಿತು ರೈಟಣ್ಣನಿಗೆ.

ಮರುದಿನ ಗ್ರಂಥಾಲಯಕ್ಕೆ ಹೋದ. ಅಲ್ಲಿಯ ಮೇಡಂ ನಕ್ಕು, “ಅದು ಈಗ ಈ ಮೂಲೆಗೆ ಬಂದಿದೆ ನೋಡಿ. ಎಷ್ಟೋ ಕಾಲ ಆಯ್ತಲ್ಲ” ಎಂದು ತೋರಿಸಿದರು. ಕಣ್ಣು ಮಿಟುಕಿಸುವಷ್ಟರ ಕೆಲಸ. ರೈಟಣ್ಣ ಮನೆಗೆ ಬಂದವನೇ ಗುಂಡಿ ಎಲ್ಲಿದೆ ಎಂದು ಅಲ್ಲಿದ್ದ ಪ್ರತಿ ಪ್ರಶ್ನೆಯ ಕೆಳಗೂ ಬರೆದ. ಬೆರಳು ನೋಯುವ ತನಕ ಬರೆದ. ಅವರೆಲ್ಲ ಇದನ್ನು ಎಂದೋ ಮರೆತಿರುತ್ತಾರೆ ಎಂದು ಅವನಿಗೂ ಗೊತ್ತಿತ್ತು.

ಆದರೂ ಒಬ್ಬ ಹೆಂಗಸಿನಿಂದ ಉತ್ತರ ಬಂತು. ‘ಅಬ್ಬಾ, ಇಷ್ಟು ಕಾಲದ ಮೇಲೆ ಯಾರೋ ಮಾತಾಡಿದ್ರಲ್ಲ! ನೀವು ಮೇಷ್ಟ್ರಾ?’

‘ಅಲ್ಲಮ್ಮ, ಕಂಡಕ್ಟರು’ ಎಂದು ಬರೆದ.

ಅವಳು ಯಾವುದೋ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ವಾರ್ಡಿನ ಗುಮಾಸ್ತೆ ಆಗಬೇಕೆಂದು ಕೋರ್ಸಿಗೆ ಸೇರಿ, ಇದೇ ಗುಂಡಿಯ ಹತ್ತಿರ ಎಡವಿ, ತನ್ನ ತಲೆಯೇ ಸರಿಯಿಲ್ಲ ಎಂದುಕೊಂಡು ಬಿಟ್ಟಿದ್ದಳಂತೆ. ರೈಟಣ್ಣನಿಗೆ ಆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಫೋನ್ ನಂಬರು ಕೊಟ್ಟು, ಅವಳು ಫೋನ್ ಮಾಡಿದಾಗ, “ತಲೆ ಸರಿಯಾಗೇ ಇದೆ ತಂಗಿ, ಪಾಠ ಸರಿಯಿಲ್ಲ. ಮತ್ತೆ ಶುರು ಮಾಡು” ಎಂದ.

ಭಾನುವಾರದ ಮಧ್ಯಾಹ್ನಗಳಿಗೆ ಜೀವ ಬಂತು. ಫೋನಿನಲ್ಲಿ ಮುಖ ಕಾಣುವುದಿಲ್ಲವಾದರೂ ರೈಟಣ್ಣ ತಲೆ ಬಾಚಿಕೊಂಡೇ ಕೂರುತ್ತಿದ್ದ.

“ಎರಡನೇ ಸಾಲಿಗೆ ಹೋಗು. ಸಿಕ್ತಾ?”

“ಸಿಕ್ತು ಅಣ್ಣ. ಅಯ್ಯೋ, ಎಲ್ಲಾ ಅಳಿಸಿಹೋಯ್ತು!”

“ಹೋಗ್ಲಿ ಬಿಡು, ನಂದು ಬೆಳಗ್ಗೆ ಎರಡು ಸಲ ಹೋಯ್ತು.”

ಪಾಠ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಹಾಲು ಉಕ್ಕಿದ್ದು, ನಲ್ಲಿ ಸೋರುವುದು, ಅವಳ ಮಗಳ ಹಟ. ಒಬ್ಬರ ಮನೆಯ ಸುದ್ದಿ ಕೇಳಿ ಎಷ್ಟು ದಿನವಾಗಿತ್ತು ಅವನಿಗೆ!

ಪರೀಕ್ಷೆಯಲ್ಲಿ ಮೊದಲ ಕಂಪ್ಯೂಟರಿನ ತೂಕ ಎಷ್ಟು ಎಂದು ಕೇಳಿದ್ದರು. ಇಬ್ಬರೂ ಉರು ಹೊಡೆದು ಪಾಸಾದರು.

ರೈಟಣ್ಣನಿಗೆ ನೆಲಮಾಳಿಗೆಯ ಹಳೇ ಕಡತಗಳ ಕೋಣೆಯಲ್ಲಿ ಕುರ್ಚಿ ಸಿಕ್ಕಿತು. ಕಂಪ್ಯೂಟರ್ ತೆರೆದರೆ ಅಲ್ಲಿದ್ದದ್ದೇ ಬೇರೆ. ಕಲಿತ ಒಂದು ಗುಂಡಿಯೂ ಇಲ್ಲ. ಮ್ಯಾನೇಜರನ್ನು ಕೇಳಿದ.

“ಆ ಕೋರ್ಸ್ ಪಾಸಾಗಬೇಕು ಅಂತ ರೂಲ್ಸು, ಅಷ್ಟೇ. ಇಲ್ಲಿ ನಡೆಯೋದು ನಮ್ಮದೇ ಸಾಫ್ಟ್‌ವೇರ್ ಕಣಪ್ಪ” ಎಂದರು ಅವರು.

“ಹಾಗಾದ್ರೆ ಅದನ್ನ ಯಾಕೆ ಸಾರ್ ಕಲಿಸಿದ್ರಿ?”

“ಕಲಿಸಿದ್ದು ನಾವಲ್ಲವಲ್ಲ.”

ಆ ಕೋಣೆಗೆ ಫೈಲು ಬೇಕಾದವರು ಬಿಟ್ಟರೆ ಬೇರೆ ಯಾರೂ ಬರುತ್ತಿರಲಿಲ್ಲ. ಬಂದವರೂ ಮೂಗು ಮುಚ್ಚಿಕೊಂಡು ಬೇಗ ಹೊರಡುತ್ತಿದ್ದರು. ಮಾತಾಡದೆ ಮಾತಾಡದೆ ಸಂಜೆಯ ಹೊತ್ತಿಗೆ ರೈಟಣ್ಣನ ಗಂಟಲು ಕಟ್ಟಿರುತ್ತಿತ್ತು. ಭಾನುವಾರ ಒಂದಿತ್ತು, ಸದ್ಯ.

ಅಷ್ಟರಲ್ಲಿ ಅವಳಿಗೂ ವಾರ್ಡಿನ ಕೆಲಸ ಸಿಕ್ಕಿತು. “ಅಣ್ಣ, ಇಲ್ಲಿ ಪಕ್ಕದಲ್ಲೇ ಕೂತು ಹೇಳಿಕೊಡ್ತಾರೆ. ಏನು ಗಲಾಟೆ, ಏನು ನಗು ಅಂತೀರಾ!” ಹಿಂದಿನಿಂದ ಯಾರೋ ಅವಳನ್ನು ಕರೆದರು. “ಬಂದೆ... ಅಣ್ಣ, ಆಮೇಲೆ ಮಾಡ್ತೀನಿ.”

“ಹೋಗು ಹೋಗು, ಕೆಲಸ ನೋಡು” ಎಂದ ರೈಟಣ್ಣ. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಆ ಭಾನುವಾರ ಅವಳು ಫೋನ್ ಮಾಡಲಿಲ್ಲ. ಮುಂದಿನ ಭಾನುವಾರವೂ ಮಾಡಲಿಲ್ಲ. ತಾನಾಗಿ ಮಾಡಲು ಅವನಿಗೆ ಸಂಕೋಚ. ಪಾಠವೇ ಮುಗಿದ ಮೇಲೆ ಏನೆಂದು ಮಾಡುವುದು?

ಹೊತ್ತು ಹೋಗದೆ ಒಂದು ದಿನ ಕೋರ್ಸಿನ ಪುಟ ತೆರೆದ. ಎಲ್ಲ ಹೊಸದಾಗಿತ್ತು. ಹೊಸ ಮೇಡಂ, ಸಂಗೀತ, ಬಣ್ಣ. ಪ್ರಶ್ನೆ ಕೇಳುವ ಜಾಗವೇ ಇರಲಿಲ್ಲ. ಕೆಳಗಿದ್ದ ಸಹಾಯವಾಣಿಗೆ ಫೋನ್ ಮಾಡಿದ. ಒಬ್ಬ ಹುಡುಗಿ ಎತ್ತಿಕೊಂಡಳು.

“ಇಲ್ಲಿದ್ದ ಪ್ರಶ್ನೆಗಳೆಲ್ಲ ಎಲ್ಲಿ ಹೋದ್ವು ತಾಯಿ?”

“ಯಾವ ಪ್ರಶ್ನೆ ಸಾರ್?”

“ಜನ ಕೇಳಿದ್ದು.”

“ಹಳೇದೆಲ್ಲ ತೆಗೆದುಬಿಟ್ಟಿದ್ದಾರೆ ಸಾರ್. ನಿಮಗೇನು ತೊಂದರೆ ಆಗ್ತಿದೆ ಹೇಳಿ.”

“ನಂಗೇನಿಲ್ಲ” ಎಂದ ರೈಟಣ್ಣ. “ನಿಮ್ಮದು ಊಟ ಆಯ್ತಾ?”

ಹುಡುಗಿ ನಕ್ಕಳು. ಆ ನಗುವಿನಲ್ಲಿ ಬೇಸರವಿರಲಿಲ್ಲ. “ಇನ್ನೂ ಇಲ್ಲ ಸಾರ್. ಬೇರೆ ಕಾಲ್ ಬರ್ತಿದೆ, ಇಡ್ಲಾ?”

“ಇಡಮ್ಮ. ಹೊತ್ತಿಗೆ ಸರಿಯಾಗಿ ಉಣ್ಣು.”

ಅವಳೇ ಮೊದಲು ಇಡಲಿ ಎಂದು ಫೋನ್ ಹಿಡಿದುಕೊಂಡೇ ಇದ್ದ. ಆಮೇಲೆ ಎದ್ದು ಒಲೆ ಹಚ್ಚಿ, ಒಬ್ಬನಿಗಾಗುವಷ್ಟು ಅಕ್ಕಿ ತೊಳೆದ.