ಇಲಿಗಳಿಗೆ ಬಳಿ ಇಲ್ಲ

ನನ್ನ ಪ್ರಾಣಿಶಾಸ್ತ್ರದ ಮೇಷ್ಟ್ರ ಬಲಗೈ ತೋರುಬೆರಳಿನ ತುದಿ ಹಳೇ ಗಾಯಗಳಿಂದ ಒರಟಾಗಿತ್ತು. ಎಲ್ಲವೂ ಇಲಿ ಕಚ್ಚಿದ್ದು. ಮೂಡಬಿದಿರೆಯ ಕಾಲೇಜಿಗೆ ಬರುವ ಮೊದಲು ಅವರು ಮುಂಬಯಿಯ ಒಂದು ಪ್ರಯೋಗಾಲಯದಲ್ಲಿ ಬಿಳಿ ಇಲಿಗಳನ್ನು ಸಾಕುತ್ತಿದ್ದರು. ದೇಹದ ಕಾವಲು ಶಕ್ತಿಯೇ ತಿರುಗಿಬಿದ್ದು ಕತ್ತಿನ ಥೈರಾಯ್ಡ್ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆ ಒಂದು ವಂಶದ ಇಲಿಗಳಿಗೆ ಬರುತ್ತಿತ್ತು, ಇನ್ನೊಂದಕ್ಕೆ ಬರುತ್ತಿರಲಿಲ್ಲ. ಯಾಕೆ ಎಂಬುದೇ ಅವರ ತಲೆನೋವು. ತರಗತಿಯಲ್ಲಿ ನಾವೇನು ಹೇಳಿದರೂ “ನೋಡಿದ್ದಾ, ಅಂದಾಜಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಬೆಳ್ತಂಗಡಿಯಿಂದ ನನಗೊಂದು ಸಂಬಂಧ ಬಂತು. ಹುಡುಗ ನನಗೆ ತುಂಬ ಹಿಡಿಸಿದ್ದ. ನಿಶ್ಚಯದ ಮಾತುಕತೆಗೆ ಬಂಟ್ವಾಳದ ನಮ್ಮ ಮನೆಗೆ ಬಂದ ಅವನ ಸೋದರಮಾವ, ಕಾಫಿ ತಂದ ನನ್ನ ಅತ್ತೆಯ, ಅಂದರೆ ಅಪ್ಪನ ತಂಗಿಯ, ಉಬ್ಬಿದ ಕತ್ತು ಕಂಡು ಲೋಟ ಕೆಳಗಿಟ್ಟರು. ಆ ಥೈರಾಯ್ಡ್ ಕಾಯಿಲೆ ಅಪ್ಪನ ಕಡೆಯದು, ನಮ್ಮ ಬಳಿಯಲ್ಲಿಲ್ಲ ಎಂದು ಅಮ್ಮ ಒಡನೆ ಹೇಳಿದಳು. ನಮ್ಮಲ್ಲಿ ಬಳಿ ಎಂಬ ಕುಲ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಅತ್ತೆಯ ಬಳಿ ಬೇರೆ, ನನ್ನದು ಬೇರೆ. ಸೋದರಮಾವನ ಮುಖ ಸಡಿಲವಾಯಿತು. ಅಮ್ಮ ಅಷ್ಟಕ್ಕೇ ಬಿಡಬೇಕಿತ್ತು. ಬಿಡುವ ಜಾಯಮಾನ ಅವಳದಲ್ಲ. ಮಗಳ ಮೇಷ್ಟ್ರೆಂಬ ಹೆಮ್ಮೆಯಿಂದ ಅಂದು ಕರೆಸಿ ಕೂರಿಸಿದ್ದ ನನ್ನ ಮೇಷ್ಟ್ರತ್ತ ತಿರುಗಿ, ಇವಳಿಗೆ ಬರುವುದಿಲ್ಲ ಅಲ್ಲವಾ, ನೀವೇ ಹೇಳಿ ಎಂದಳು.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಒಂದು ‘ಹೌದು’ ಸಾಕಿತ್ತು. ಮೇಷ್ಟ್ರು ಸೋದರಮಾವನತ್ತ ತಿರುಗಿದರು.

“ಇಲಿಗಳಿಗೆ ಬಳಿ ಇಲ್ಲ. ತಾಯಿಯಿಂದ ಬಂದ ಹಾಗೆ ತಂದೆಯಿಂದಲೂ ಬರ್ತದೆ, ನಾನು ನೋಡಿದ್ದೇನೆ. ಈ ಹುಡುಗಿಗೆ ಬರಲೂಬಹುದು, ಬರದೆಯೂ ಇರಬಹುದು. ಬಂದರೆ ಮದ್ದು ಉಂಟು.”

“ಬರುವುದಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?” ಸೋದರಮಾವ ಕೇಳಿದರು.

“ಆಗುವುದಿಲ್ಲ.”

ಬಂದವರು ಎದ್ದು ಹೋದರು. ಅಮ್ಮ ಮತ್ತೆಂದೂ ಮೇಷ್ಟ್ರಿಗೆ ಮುಖ ಕೊಡಲಿಲ್ಲ. ನನಗೂ ಅವರ ಮೇಲೆ ಸಿಟ್ಟಿತ್ತು. ಆದರೂ ಮುಂದೆ ನನ್ನನ್ನು ನೋಡಲು ಬಂದವನಿಗೆ, ಮೇಷ್ಟ್ರು ಹೇಳಿದ್ದನ್ನು ನಾನೇ ಹೇಳಿದೆ. ಅವನು ಯೋಚಿಸಿ ಒಪ್ಪಿದ.

ಮಗಳು ಹುಟ್ಟಿದ ಮೇಲೆ ನಾನು ಹಾಸಿಗೆ ಬಿಟ್ಟೇಳದಾದೆ. ಸೆಖೆಯಲ್ಲೂ ಚಳಿ, ದನಿ ಒಡೆದಿತ್ತು, ಅಳುವ ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬಾರದು. ಗಂಡನ ಮನೆಯವರು ಸೋಮಾರಿತನ ಎಂದರು. ಗಂಡ ಮಾತ್ರ ನನ್ನ ಕತ್ತು ಮುಟ್ಟಿ ನೋಡಿ, ಮರುದಿನವೇ ಮಂಗಳೂರಿಗೆ ಕರೆದೊಯ್ದ. ಅದೇ ಕಾಯಿಲೆ. ಗುಳಿಗೆ ಶುರುವಾಗಿ ಕೆಲವು ತಿಂಗಳಲ್ಲಿ ನಾನು ಮತ್ತೆ ಮನುಷ್ಯಳಾದೆ.

ಮಗುವನ್ನು ಎತ್ತಿಕೊಂಡು ಮೂಡಬಿದಿರೆಗೆ ಹೋದಾಗ ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಎಲ್ಲ ಹೇಳಿದೆ. ಅವರು ನನಗೆ ಸಮಾಧಾನ ಹೇಳಲಿಲ್ಲ, ಮಗುವನ್ನೇ ನೋಡುತ್ತಿದ್ದರು.

“ದೊಡ್ಡವಳಾದ ಮೇಲೆ ಇವಳಿಗೂ ಹೇಳು. ಮುಚ್ಚಿಡಬೇಡ.”

ಆ ಮಳೆಗಾಲದಲ್ಲೇ ಅವರು ತೀರಿಕೊಂಡರು. ಮಗಳಿಗೆ ಗಂಡು ನೋಡುವ ಮೊದಲು ನಾನು ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.